ಮೆಂಡೆಲ್ ಲೆಕ್ಕದಲ್ಲಿ ದೇವರಿಲ್ಲ

ಅಕ್ಟೋಬರ್ 12, 2025, ಭಾನುವಾರ
ಧಾರವಾಡ

ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಹಿಡಿದು ನಿಲ್ಲಿಸಿದರು. "ಸರ್, ಯುವಜನ ಕೂಟದಾಗ ಒಂದ್ ತಾಸು ಮಾತಾಡ್ರಿ. ಬಿಗ್ ಬ್ಯಾಂಗ್ ಅಂದ್ರ ಆದಿಕಾಂಡದ ಮೊದಲ್ನೇ ವಚನನ ಅಂತ ಹುಡುಗರಿಗೆ ತಿಳಿಸಿ ಹೇಳ್ರಿ." ದೇವರು ಆಕಾಶ, ಭೂಮಿಯನ್ನು ಸೃಷ್ಟಿಸಿದ ಅನ್ನೋ ಬೈಬಲ್‌ನ ಮೊದಲ ಮಾತು ಅದು. ವಾಟ್ಸಾಪ್‌ನಲ್ಲಿ ಬಂದಿತ್ತಂತೆ. ಅದು ಆಗಲ್ಲ, ತಳಿಗುಣದ ಲೆಕ್ಕ ಕಂಡುಹಿಡಿದ ಮೆಂಡೆಲ್ ಬಗ್ಗೆ ಬೇಕಾದರೆ ಮಾತಾಡ್ತೀನಿ ಅಂದೆ. ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಒಪ್ಪಿದರು.

ಬಿಗ್ ಬ್ಯಾಂಗ್ ಅಂದರೆ ವಿಶ್ವ ತೀರಾ ದಟ್ಟವಾದ ಸ್ಥಿತಿಯಿಂದ ಹಿಗ್ಗುತ್ತಾ ಬಂತು ಅನ್ನೋ ಸಿದ್ಧಾಂತ. ಅದಕ್ಕೆ ಬುನಾದಿ ಹಾಕಿದ, ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಬೆಲ್ಜಿಯಂನ ವಿಜ್ಞಾನಿ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಈ ಹೊಸ ವಿಜ್ಞಾನವನ್ನು ಸೃಷ್ಟಿಗೆ ಸಾಕ್ಷಿ ಎಂಬಂತೆ ಹೊಗಳಿದರು. ಪಾದ್ರಿಗೆ ಖುಷಿ ಆಗಬೇಕಿತ್ತು ಅಲ್ವಾ? ಸರಿಬರಲಿಲ್ಲ. ತನ್ನ ಸಿದ್ಧಾಂತವನ್ನು ನಾಸ್ತಿಕನೂ ಒಪ್ಪಬಹುದು ಅನ್ನೋದು ಅವರ ನಿಲುವು. ನನಗೂ ಹಾಗೇ ಅನಿಸುತ್ತದೆ. ನಾಳೆ ಆ ಸಿದ್ಧಾಂತವೇ ಬಿದ್ದುಹೋದರೆ ಹುಡುಗರಿಗೆ ಏನು ಹೇಳೋದು?

ಮೆಂಡೆಲ್ ನಮ್ಮ ಕಸುಬಿನವರು, ಗಿಡಗಳ ತಳಿ ಬೆರೆಸುವವರು. ಈಗಿನ ಚೆಕ್ ದೇಶದ ಬ್ರನೋ ಊರಿನ ಕ್ರೈಸ್ತ ಮಠದ ಸನ್ಯಾಸಿ. ಬಟಾಣಿ ಹೂ ಅರಳುವ ಮೊದಲೇ ಮೊಗ್ಗು ಬಿಡಿಸಿ, ಚಿಮಟದಿಂದ ಕೇಸರ ಕಿತ್ತು, ಬೇರೆ ಗಿಡದ ಪರಾಗ ಹಚ್ಚಿದರು. ಇದಕ್ಕೇ ಕ್ರಾಸ್ ಅನ್ನೋದು. ನಾವು ಹತ್ತಿಯಲ್ಲಿ ಮಾಡೋದೂ ಇದನ್ನೇ. ಸಂಜೆ ಮೊಗ್ಗಿನ ಪಕಳೆ ಸುಲಿದು, ಹೆಬ್ಬೆರಳ ಉಗುರಿನಿಂದ ಪರಾಗದ ಚೀಲಗಳನ್ನು ಕೀಳಬೇಕು. ಉಗುರು ಒಂಚೂರು ಆಳಕ್ಕೆ ಹೋದರೆ ಕಾಯಿ ಆಗೋ ಭಾಗಕ್ಕೇ ಗಾಯ. ಮರುದಿನ ಬೆಳಿಗ್ಗೆ ಗಂಡು ಹೂ ತಂದು ಸವರಿ, ದಾರ ಕಟ್ಟಬೇಕು. ಧಾರವಾಡದ ವರಲಕ್ಷ್ಮಿ ಹೈಬ್ರಿಡ್ ಹತ್ತಿ 1972ರಲ್ಲಿ ಬಂದದ್ದೂ ಈ ಕೈಕೆಲಸದಿಂದಲೇ.

ಗುಂಡಗಿನ ಕಾಳಿನ ಗಿಡಕ್ಕೂ ಸುಕ್ಕಿನ ಕಾಳಿನ ಗಿಡಕ್ಕೂ ಕ್ರಾಸ್ ಮಾಡಿ, ಎರಡನೇ ತಲೆಮಾರಿನಲ್ಲಿ ಮೆಂಡೆಲ್ ಎಣಿಸಿದ ಕಾಳಲ್ಲಿ ಗುಂಡಗಿನವು 5474, ಸುಕ್ಕಿನವು 1850. ಹೆಚ್ಚುಕಮ್ಮಿ ಮೂರಕ್ಕೆ ಒಂದು. 1866ರ ಆ ಪ್ರಬಂಧದಲ್ಲಿ ಲೆಕ್ಕ ಇದೆ, ದೇವರ ಮಾತಿಲ್ಲ. ಬರೆದವರು ಎರಡು ವರ್ಷಕ್ಕೆ ಅದೇ ಮಠದ ಮುಖ್ಯಸ್ಥರಾದರು!

ಕ್ಯಾಂಪಸ್‌ನಲ್ಲಿ ಕೇಳೋ ಪ್ರಶ್ನೆ ಇನ್ನೊಂದು ಥರ. ವಿಕಾಸವಾದ ಪಾಠ ಮಾಡಿ ಚರ್ಚಿಗೆ ಹೆಂಗ ಹೋಗ್ತೀರಿ ಅಂತಾರೆ. ಮೊನ್ನೆ ಆಯುಧಪೂಜೆಗೆ ಲ್ಯಾಬಿನಲ್ಲಿ ಡಿಎನ್‌ಎ ನಕಲು ಮಾಡೋ ಪಿಸಿಆರ್ ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ನಾನೂ ಚುರುಮುರಿ ತಿಂದೆ. ಅವತ್ತು ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಹತ್ತಿಯ ಪ್ಲಾಟಿಗೆ ಹೋಗುವಾಗ ಪ್ರಾರ್ಥನೆ ಮಾಡ್ತೀನಿ, ನಿಜ. ಆದರೂ ಹೋದ ವಾರದ ಕ್ರಾಸ್‌ಗಳಲ್ಲಿ ಅರ್ಧಕ್ಕರ್ಧ ಉದುರಿವೆ. ನಾಳೆ ರಿಜಿಸ್ಟರ್‌ನಲ್ಲಿ ಅದನ್ನೇ ತುಂಬಬೇಕು.