ನೀರಿಗೆ ಕಾವಲು

ಜರ್ಮನ್ ಸೇನಾಪತಿ ಲೋಥರ್ ಫಾನ್ ಟ್ರೋಥಾ ಎಂದೊಡನೆ 1904ರ ಅಕ್ಟೋಬರ್ 2ರ ಆಜ್ಞೆ ನೆನಪಾಗುತ್ತದೆ: ಕೋವಿ ಇರಲಿ ಇಲ್ಲದಿರಲಿ, ದನ ಇರಲಿ ಇಲ್ಲದಿರಲಿ, ಆಫ್ರಿಕಾದ ಜರ್ಮನ್ ವಸಾಹತಿನ (ಇಂದಿನ ನಮೀಬಿಯಾ) ಗಡಿಯೊಳಗೆ ಸಿಕ್ಕ ಹೆರೆರೊಗೆ ಗುಂಡೇಟು. ಹೆರೆರೊ ಎಂದರೆ ಜರ್ಮನ್ ಆಳ್ವಿಕೆಯ ವಿರುದ್ಧ ದಂಗೆ ಎದ್ದಿದ್ದ ಅಲ್ಲಿನ ದನಗಾಹಿ ಜನ. ಆದರೆ ಕೊಲೆ ಅದಕ್ಕೂ ಮೊದಲೇ ಶುರುವಾಗಿತ್ತು, ಬಾಯಾರಿಕೆಯ ರೂಪದಲ್ಲಿ. ಆಗಸ್ಟ್ 11ರ ವಾಟರ್‌ಬರ್ಗ್ ಕಾಳಗದ ಬಳಿಕ ಹೆಂಗಸರು, ಮಕ್ಕಳು, ದನಕರು ಸಮೇತ ಜನ ಒಮಾಹೆಕೆ ಮರಳುಗಾಡಿನತ್ತ ಓಡಿದರು. ಸೈನ್ಯ ನೀರಿನ ತಾಣಗಳಿಗೆ ಕಾವಲು ಹಾಕಿತು. ದನಗಾಹಿಗಳಿಗೆ ಹಾಲೇ ಊಟ. ನೀರಿಲ್ಲದೆ ದನ ಸತ್ತವು, ಊಟವೂ ಹೋಯಿತು. ಆಮೇಲೆ ಗಸ್ತಿನವರು ಕಂಡದ್ದು ನೀರಿಗಾಗಿ ತೋಡಿದ ಒಣ ಗುಂಡಿಗಳು, ಸುತ್ತ ಎಲುಬು. ಇದನ್ನು ಬರೀ 'ದಂಗೆ ಅಡಗಿಸಿದ್ದು' ಎಂದು ಬರೆಯುವುದನ್ನು ನಾನು ಒಪ್ಪಲಾರೆ. ಡಿಸೆಂಬರ್‌ನಲ್ಲಿ ಬರ್ಲಿನ್ ಆಜ್ಞೆಯನ್ನು ರದ್ದು ಮಾಡಿತು. ಬದುಕುಳಿದವರು ಸೆರೆ ಶಿಬಿರ ಸೇರಿದರು. 1905ರಲ್ಲಿ ಟ್ರೋಥಾಗೆ ಜರ್ಮನ್ ಚಕ್ರವರ್ತಿ ಕೈಸರನಿಂದ ಪದಕ ಸಿಕ್ಕಿತು.