ಮೂರರ ಕೆಳಗಿನ ಹದಿನೆಂಟು

ಕಳೆದ ಭಾನುವಾರದಿಂದ ಒಂದು ದೃಶ್ಯ ನನ್ನನ್ನು ಬಿಡುತ್ತಿಲ್ಲ. ನಮ್ಮ ಮನೆಯ ಊಟದ ಮೇಜಿನ ಮೇಲೆ 20 ಮುಖಗಳ ನೀಲಿ ದಾಳವೊಂದು ಉರುಳಿ ನಿಲ್ಲುತ್ತದೆ, ಮೇಲ್ಮುಖದಲ್ಲಿ 3 ಕಾಣುತ್ತದೆ, ಹತ್ತು ವರ್ಷದ ಹುಡುಗನೊಬ್ಬ ಥಟ್ಟನೆ ಅದನ್ನು ಅಂಗೈಯಿಂದ ಮುಚ್ಚಿ, ಒಂದು ಕ್ಷಣ ಬಿಟ್ಟು ಕೈ ತೆಗೆದು, "ಹದಿನೆಂಟು" ಎನ್ನುತ್ತಾನೆ. ಕೈ ತೆಗೆದಾಗ ಅಲ್ಲಿ ನಿಜಕ್ಕೂ 18 ಇರುತ್ತದೆ.

ಅಂದು ಆಟಕ್ಕೆ ಕುಳಿತಿದ್ದವರು ನಾಲ್ವರು: ಅಣ್ಣನ ಮಗಳು, ಮೇಲಿನ ಮಹಡಿಯ ಇಬ್ಬರು ಹುಡುಗರು, ಎದುರು ಮನೆಯ ಹುಡುಗಿ. ಅವರಲ್ಲಿ ಯಾರೂ ಅದುವರೆಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದವರಲ್ಲ. ನಾನು ಗೆಳತಿಯರೊಂದಿಗೆ ಕೆಲವು ವರ್ಷಗಳಿಂದ ಆಡುತ್ತಿದ್ದರೂ ಆಟ ನಡೆಸುವವಳ ಜಾಗದಲ್ಲಿ ಕುಳಿತದ್ದು ಅದೇ ಮೊದಲು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಆಟದಲ್ಲಿ ಒಬ್ಬರು ಕಥೆಯ ಲೋಕವನ್ನು ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ಆಗುವುದೋ ಇಲ್ಲವೋ ಎಂಬ ಅನುಮಾನವಿರುವಲ್ಲಿ ದಾಳ ಉರುಳುತ್ತದೆ. ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿದಾಗ ನಡೆಸುವವರು ಇಟ್ಟ ಮಿತಿ ಮುಟ್ಟಿದರೆ ಕೆಲಸ ಆದಂತೆ. ಪುಸ್ತಕದ ಕೋಟೆಕೊತ್ತಲಗಳನ್ನು ಬಿಟ್ಟು, ನಾನು ಬೆಳೆದ ಮಲೆನಾಡಿನಂಥದ್ದೇ ಒಂದು ಊರನ್ನು ಕಥೆಗೆ ತಂದಿದ್ದೆ. ಮಳೆಗಾಲ; ದೇವಸ್ಥಾನದ ಗಂಟೆ ಕಾಣೆಯಾಗಿದೆ; ಹಳ್ಳದ ಕಾಲುಸಂಕ ಕೊಚ್ಚಿಹೋಗಿದೆ; ಗಂಟೆ ಒಯ್ದವರು ಆಚೆ ದಡದಲ್ಲಿದ್ದಾರೆ.

ಮೊದಲ ಅರ್ಧ ಗಂಟೆಯಲ್ಲಿ ನಾನು ಮಾಡಿದ ತಪ್ಪು ಆಗ ನನಗೆ ತಪ್ಪಾಗಿ ಕಂಡಿರಲಿಲ್ಲ. ಅಣ್ಣನ ಮಗಳು ಕೆಸರಿನಲ್ಲಿ ಹೆಜ್ಜೆಗುರುತು ಹುಡುಕುತ್ತೇನೆಂದಳು. ದಾಳ 4 ತೋರಿಸಿತು. "ಏನೂ ಕಾಣಲಿಲ್ಲ" ಎಂದೆ. ಚಿಕ್ಕ ಹುಡುಗ ಉಗ್ರಾಣದ ಬೀಗ ತೆರೆಯಲು ಹೋದ, 6 ಬಿತ್ತು. "ತೆರೆಯಲಿಲ್ಲ. ಮುಂದೆ ಯಾರು?" ಎಂದೆ. ಆ 'ಮುಂದೆ ಯಾರು' ಎಂಬ ಮಾತಿನಲ್ಲಿ ಎಷ್ಟು ನಿರ್ದಯತೆಯಿತ್ತೆಂದು ಈಗ ಅನ್ನಿಸುತ್ತಿದೆ. ತರಗತಿಯಲ್ಲಿ ಉತ್ತರ ತಪ್ಪಿದ ಮಗುವನ್ನು ಕೂರಿಸಿ ಪಕ್ಕದವರತ್ತ ತಿರುಗುವ ರೀತಿಯೇ ಅದು.

ಮೂರನೆಯ ಸರದಿ ಹತ್ತು ವರ್ಷದ ಆ ಹುಡುಗನದು. ಅವನ ಪಾತ್ರ ಬಿಲ್ಲುಗಾರ. ಬಾಣದ ತುದಿಗೆ ಹಗ್ಗ ಕಟ್ಟಿ ಆಚೆ ದಡದ ಹಲಸಿನ ಮರಕ್ಕೆ ಹೊಡೆದರೆ ಎಲ್ಲರೂ ಹಗ್ಗ ಹಿಡಿದು ದಾಟಬಹುದಲ್ಲವೇ ಎಂದು ಕೇಳಿದ. ಅಂದಿನ ಆಟದಲ್ಲೇ ಅತ್ಯುತ್ತಮವಾದ ಯೋಚನೆ ಅದು. ಉಳಿದ ಮೂವರೂ ಮೇಜಿನ ಮೇಲೆ ಬಾಗಿದರು. ಅವನ ಅಂಕ 5, ನಾನಿಟ್ಟ ಮಿತಿ 15. ದಾಳ ಉರುಳಿತು, ಅಂಗೈ ಮುಚ್ಚಿತು, ಅಂಗೈ ತೆರೆಯಿತು. "ಹದಿನೆಂಟು."

ನಾನು ನೋಡಿದ್ದೆ. ಅಣ್ಣನ ಮಗಳೂ ನೋಡಿದ್ದಳು. ಅವಳ ಕಣ್ಣು ನೇರವಾಗಿ ನನ್ನ ಕಡೆ ಬಂತು. ಬೇಡವೆಂಬಂತೆ ತಲೆಯಾಡಿಸಿ, "ಬಾಣ ಹಲಸಿನ ಮರಕ್ಕೆ ನಾಟಿತು" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು, ಆದರೆ ಅವನು ತಟ್ಟಲಿಲ್ಲ.

ಅದಾದ ಮೇಲೆ ಎದುರು ಮನೆಯ ಹುಡುಗಿ ಹಗ್ಗ ಹಿಡಿದು ದಾಟುವಾಗ ಅವಳಿಗೆ 2 ಬಿತ್ತು. ಮೊದಲಿನ ದೃಶ್ಯ ಇನ್ನೂ ಮನಸ್ಸಿನಲ್ಲಿದ್ದುದರಿಂದಲೋ ಏನೋ, ಈ ಸಲ 'ಮುಂದೆ ಯಾರು' ಎನ್ನುವುದಕ್ಕೆ ನನ್ನ ನಾಲಿಗೆ ಏಳಲಿಲ್ಲ. ಕೈ ಜಾರಿತು, ನೀರು ಅವಳನ್ನು ಎಳೆದೊಯ್ದು ತಿರುವಿನ ಮರಳಿಗೆ ತಂದು ಹಾಕಿತು, ಎದ್ದು ಕುಳಿತಾಗ ಕಾಲಿಗೆ ತಣ್ಣಗೆ ಏನೋ ತಗುಲಿತು. ಅದು ಗಂಟೆಯ ನಾಲಿಗೆ, ಎಂದು ಹೇಳಿದೆ. ಮಕ್ಕಳ ಕೂಗಿಗೆ ಅಡುಗೆಮನೆಯಿಂದ ಅತ್ತಿಗೆ ಓಡಿ ಬಂದರು. ಬಿದ್ದವಳ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಮರೆಯಲಾರೆ. ಆ ಗದ್ದಲದ ನಡುವೆ ಹುಡುಗ ಮಾತ್ರ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

ಸಂಜೆ ಅವನ ತಂದೆ ಕರೆದೊಯ್ಯಲು ಬಂದರು. ಒಳ್ಳೆಯ ಮನುಷ್ಯ, ಕಟ್ಟಡದಲ್ಲಿ ಯಾರ ಮನೆಯ ಮೋಟಾರು ಕೆಟ್ಟರೂ ತಾವೇ ಬಂದು ನೋಡುವವರು, ಮಗನ ಮೇಲೆ ಜೀವ ಇಟ್ಟುಕೊಂಡವರು. ಬಾಗಿಲಲ್ಲಿ ನಿಂತು ಅವರು ಕೇಳಿದ ಮೊದಲ ಪ್ರಶ್ನೆ, "ಯಾರು ಗೆದ್ದಿದ್ದು?" ಈ ಆಟದಲ್ಲಿ ಗೆಲ್ಲುವವರು ಸೋಲುವವರು ಎಂದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಹುಡುಗ, "ನಂಗೆ ಹದಿನೆಂಟು ಬಿತ್ತಪ್ಪ" ಎಂದ. ತಂದೆ ಅವನ ಬೆನ್ನು ತಟ್ಟಿದರು. ಆ ತಟ್ಟುವಿಕೆಯಲ್ಲಿ ಪ್ರೀತಿಯೇ ಇತ್ತು, ಅನುಮಾನವಿಲ್ಲ. ಆದರೂ ಮಗುವನ್ನು ಕಂಡೊಡನೆ ಬಾಯಿಗೆ ಮೊದಲು ಬರುವ ಮಾತು ಅದಾಗಬಾರದಿತ್ತು ಎಂದೇ ನನಗನ್ನಿಸುತ್ತದೆ.

ರಾತ್ರಿ ಆ ದಾಳವನ್ನು ಕೈಯಲ್ಲಿಟ್ಟು ತಿರುಗಿಸಿ ನೋಡಿದೆ. ಅದರ ಎದುರುಬದುರು ಮುಖಗಳನ್ನು ಕೂಡಿಸಿದರೆ ಯಾವಾಗಲೂ 21: 20ರ ಕೆಳಗೆ 1, 3ರ ಕೆಳಗೆ 18. ಅವನು ಸಂಖ್ಯೆಯನ್ನು ಕಟ್ಟಿ ಹೇಳಿರಲಿಲ್ಲ. ಚೌಕಾಬಾರದ ಕವಡೆಯಂತೆ, ಬೋರಲು ಬಿದ್ದದ್ದನ್ನು ಅಂಗಾತ ಮಾಡಿದ್ದ, ಅಷ್ಟೇ. ಕೂಡಿ ಕಳೆದು ಇನ್ನೊಂದು ಲೆಕ್ಕವನ್ನೂ ಮಾಡಿದೆ. ಅಂಕ 5, ಮಿತಿ 15 ಎಂದರೆ ದಾಳದಲ್ಲಿ 10 ಅಥವಾ ಹೆಚ್ಚು ಬೀಳಬೇಕು. 20 ಮುಖಗಳಲ್ಲಿ 11 ಅವನ ಪರ, 9 ವಿರುದ್ಧ. ಹೊಸ ಬಿಲ್ಲುಗಾರ ತನಗೆ ಅತ್ಯಂತ ಚೆನ್ನಾಗಿ ಬರುವ ಕೆಲಸದಲ್ಲೂ ನೂರಕ್ಕೆ 45 ಸಲ ತಪ್ಪುತ್ತಾನೆ. ತಪ್ಪುವುದಕ್ಕೆ ಇಷ್ಟು ಜಾಗವಿಟ್ಟ ಆಟವನ್ನು ನಾನು, ತಪ್ಪಿದವರಿಗೆ ಏನೂ ಇಲ್ಲದಂತೆ ನಡೆಸಿದ್ದೆ.

ಅಣ್ಣನ ಮಗಳು ಮಲಗುವ ಮುಂಚೆ ಬಂದು ಕೇಳಿದಳು. "ನೀನು ನೋಡಿದ್ದೆ ಅಲ್ವಾ ಅತ್ತೆ? ನಾನು ನಾಲ್ಕು ಬಿದ್ದಾಗ ನಾಲ್ಕು ಅಂತಲೇ ಹೇಳಿದೆ." ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅವನನ್ನು ಎಲ್ಲರೆದುರು ತೋರಿಸಿಕೊಡದೆ ಇದ್ದದ್ದು ಸರಿಯೆಂದೇ ನಂಬಿದ್ದೇನೆ. ಆದರೆ ಅದರ ಬೆಲೆ ತೆತ್ತವಳು ಅವಳು. ಕ್ಷಮಿಸು ಎಂದೆ. ಮುಂದಿನ ಸಲ ಎಲ್ಲರೂ ಮಧ್ಯದಲ್ಲಿಟ್ಟ ಒಂದೇ ತಟ್ಟೆಯೊಳಗೆ ದಾಳ ಹಾಕೋಣ ಎಂದಳು. ಹಾಗೆಯೇ ಮಾಡುತ್ತೇನೆ. ಅದಕ್ಕಿಂತ ಮುಖ್ಯವಾಗಿ, ದಾಳ ಬೇಡುವ ಮೊದಲೇ ತಪ್ಪಿದರೆ ಏನಾಗುತ್ತದೆಂದು ಯೋಚಿಸಿಟ್ಟುಕೊಳ್ಳುತ್ತೇನೆ. ಹೇಳಲು ಏನೂ ಇಲ್ಲದಿದ್ದಲ್ಲಿ ದಾಳವನ್ನೇ ಬೇಡುವುದಿಲ್ಲ.

ನನ್ನ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ಮುಗಿದೊಡನೆ ಕುಳಿತಲ್ಲೇ ಪಾತ್ರವಾಗಿ, ಆ ಕ್ಷಣಕ್ಕೆ ಹೊಳೆದದ್ದನ್ನು ಮಾತಾಡಬೇಕು. ಈ ಆಟವನ್ನು ಮೊದಲು ಕಂಡಾಗ ನನಗೆ ನೆನಪಾದದ್ದು ಅದೇ. ಅಜ್ಜನಿಗೆ ಅತ್ಯಂತ ಪ್ರಿಯವಾಗಿದ್ದದ್ದು ವಾಲಿಯ ಅರ್ಥ. ವಾಲಿ ಬೀಳುತ್ತಾನೆಂದು ಸಭೆಗೆಲ್ಲ ಗೊತ್ತು, ಅಜ್ಜನಿಗೂ ಗೊತ್ತು. ಬಾಣ ನಾಟಿದ ಮೇಲೆ ರಾಮನನ್ನು ಅವನು ಏನು ಕೇಳುತ್ತಾನೆ ಎಂಬುದಕ್ಕಾಗಿ ಜನ ನಡುರಾತ್ರಿಯವರೆಗೆ ಕಾದಿರುತ್ತಿದ್ದರು. ಬಿದ್ದವನ ಮಾತಿಗೆ ಅಷ್ಟು ಹೊತ್ತು ಕಿವಿಗೊಡುವ ಸಭೆಯಲ್ಲಿ ಬಾಲ್ಯ ಕಳೆದ ನಾನು, ಬಿದ್ದ ಮಕ್ಕಳಿಗೆ 'ಮುಂದೆ ಯಾರು' ಎಂದೆನಲ್ಲ ಎಂಬುದು ಈ ವಾರವೆಲ್ಲ ನನ್ನನ್ನು ಚುಚ್ಚಿದೆ.

ಬುಧವಾರ ಸಂಜೆ ಲಿಫ್ಟಿನಲ್ಲಿ ಹುಡುಗ ಸಿಕ್ಕಿದ. ಹೆಗಲಲ್ಲಿ ಶಾಲೆಯ ಚೀಲ, ಕಣ್ಣು ನೆಲದ ಮೇಲೆ. ಎರಡು ಮಹಡಿ ದಾಟಿದ ಮೇಲೆ ಕೇಳಿದ:

"ಆಂಟಿ, ಅವತ್ತು ನನ್ನ ಬಾಣ ತಪ್ಪಿದ್ದಿದ್ರೆ ಏನಾಗ್ತಿತ್ತು?"

ಮೂರು ದಿನಗಳಿಂದ ಅದನ್ನೇ ಯೋಚಿಸುತ್ತಿದ್ದೆನಾದ್ದರಿಂದ ತಡವರಿಸಲಿಲ್ಲ. "ಹಲಸಿನ ಮರ ಬಿಟ್ಟು ಪಕ್ಕದ ಪೊದೆಯೊಳಗೆ ಹೋಗ್ತಿತ್ತು. ಒಳಗಿಂದ ಠಣ್ ಅಂತ ಸದ್ದು ಬರ್ತಿತ್ತು. ಗಂಟೆ ಬಚ್ಚಿಟ್ಟಿರೋದು ಅಲ್ಲೇ."

ನನ್ನ ಮಹಡಿ ಬಂತು. ನಾನು ಹೊರಗೆ ಕಾಲಿಟ್ಟೆ. ಮುಚ್ಚುತ್ತಿದ್ದ ಬಾಗಿಲಿಗೆ ಅವನು ಅಂಗೈ ಅಡ್ಡ ಕೊಟ್ಟ.

"ಮೂರು ಬಿದ್ರೂನಾ?"

"ಮೂರು ಬಿದ್ರೆ ಮಾತ್ರ" ಎಂದೆ.