ಬದನೆಯ ಕಾಯಿಕೊರಕಕ್ಕೆ ಔಷಧಿ ಯಾಕೆ ತಾಗುವುದಿಲ್ಲ

ವಾರ ವಾರ ಔಷಧಿ ಹೊಡೆದರೂ ಸಂತೆಗೆ ಹೋಗುವ ಬದನೆ ಚೀಲದಲ್ಲಿ ಹುಳುಕು ಕಾಯಿ ಇದ್ದೇ ಇರುತ್ತದೆ. ಅದಕ್ಕೆ ಕಾರಣ ಹುಳುವಿನ ಬದುಕಿನಲ್ಲೇ ಇದೆ. ಪತಂಗ ರಾತ್ರಿ ಹೊತ್ತು ಎಲೆಯಡಿ, ಎಳೆ ಕುಡಿಯಲ್ಲಿ, ಕಾಯಿಯ ತೊಟ್ಟಿನ ಬಳಿ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿ ಕೆಲವೇ ಗಂಟೆಗಳಲ್ಲಿ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಸೇರಿ, ಹೊಕ್ಕ ದಾರಿಯನ್ನು ಹಿಕ್ಕೆಯಿಂದ ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊಡೆದದ್ದು ಸೇರುವುದು ತಿನ್ನುವವರ ಹೊಟ್ಟೆಗೆ. ಬದನೆಯನ್ನು ನಾಲ್ಕೈದು ದಿನಕ್ಕೊಮ್ಮೆ ಕೊಯ್ಯುತ್ತೇವೆ. ಹೊಡೆದ ಮೇಲೆ ಕೊಯ್ಲಿಗೆ ಇಷ್ಟು ದಿನ ಕಾಯಿರಿ ಎಂದು ಔಷಧಿ ಡಬ್ಬಿಯ ಮೇಲೆ ಬರೆದ ದಿನಗಳು ಮುಗಿಯುವ ಮೊದಲೇ ಎಷ್ಟೋ ಕಾಯಿ ಮಾರುಕಟ್ಟೆ ಸೇರಿರುತ್ತದೆ. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆಹಿಡಿದ ಬಿಟಿ (ಕುಲಾಂತರಿ) ಬದನೆಯನ್ನು ರೂಪಿಸಿದ್ದೂ ಇದೇ ಹುಳುವಿಗಾಗಿ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಕತ್ತರಿ. ಕಾಯಿ ಬಿಡುವ ಮೊದಲು ಹುಳು ಕುಡಿಯಲ್ಲಿರುತ್ತದೆ, ಕುಡಿ ಬಾಡಿ ಜೋತುಬೀಳುತ್ತದೆ. ಬಾಡಿದ ಜಾಗಕ್ಕಿಂತ ಒಂದಂಗುಲ ಕೆಳಗೆ ಕತ್ತರಿಸಿ, ಕೊಯ್ದ ಮುಖ ನೋಡಿ. ನಡುವೆ ಟೊಳ್ಳು, ಕಂದು ಹಿಕ್ಕೆ ಕಂಡರೆ ಹುಳು ಇನ್ನೂ ಕೆಳಗಿದೆ. ಗಟ್ಟಿ ತಿರುಳು ಸಿಗುವವರೆಗೆ ಇಳಿಯಿರಿ. ಕತ್ತರಿಸಿದ್ದನ್ನು ಸಾಲಿನಲ್ಲೇ ಬಿಸಾಡಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಚೀಲಕ್ಕೆ ಹಾಕಿ ಹೊರಗೊಯ್ದು ಸುಡಬೇಕು. ವಾರಕ್ಕೆರಡು ಸಲ ಮಾಡಿ. ಹುಳುಕು ಕಾಯಿಗೂ ಇದೇ ಗತಿ. ಅದರ ಮೇಲಿನ ದೊಡ್ಡ ತೂತು ಹುಳು ಬೆಳೆದು ಹೊರಬಿದ್ದ ದಾರಿ, ಅಷ್ಟರಲ್ಲಿ ಅದು ತರಗೆಲೆಯಲ್ಲಿ ಕೋಶ ಕಟ್ಟಲು ಹೋಗಿರುತ್ತದೆ.

ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡನ್ನು ಹಿಡಿಯುವ ಮೋಹಕ ಬಲೆ ಎಕರೆಗೆ ಹನ್ನೆರಡಾದರೂ ಇರಲಿ, ಗಿಡದ ನೆತ್ತಿಯ ಮಟ್ಟಕ್ಕೆ ಕಟ್ಟಿ, ಗಿಡ ಬೆಳೆದಂತೆ ಏರಿಸಿ. ಬಲೆಯೊಳಗಿಡುವ ವಾಸನೆಯ ತುಣುಕು, ಅಂದರೆ ಲ್ಯೂರ್ ಕೊಳ್ಳುವಾಗ ಬದನೆ ಕಾಯಿಕೊರಕದ್ದೇ ಎಂದು ಕೇಳಿ. ಟೊಮೆಟೊ ಕಾಯಿಕೊರಕದ ಲ್ಯೂರಿಗೆ ಈ ಪತಂಗ ಬರುವುದಿಲ್ಲ. ತಿಂಗಳಿಗೊಮ್ಮೆ ಬದಲಿಸಿ.

ಬಲೆಗೆ ಪತಂಗ ಬೀಳತೊಡಗಿದರೆ ಬೇವಿನ ಬೀಜದ ಕಷಾಯಕ್ಕೆ ಹೊತ್ತು ಬಂತು ಎಂದರ್ಥ. 100 ಲೀಟರಿಗೆ 5 ಕೆಜಿ ತಿರುಳು, ಅಂದರೆ 16 ಲೀಟರಿನ ಕ್ಯಾನಿಗೆ 800 ಗ್ರಾಂ. 5 ಕೆಜಿಯನ್ನು ತರಿತರಿಯಾಗಿ ಕುಟ್ಟಿ, ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, 10 ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ. ಮರುದಿನ ಗಂಟನ್ನು ಅದೇ ನೀರಿನಲ್ಲಿ ಮತ್ತೆ ಮತ್ತೆ ಅದ್ದಿ ಹಿಂಡಿ. ಸೋಸಿ, 100 ಗ್ರಾಂ ಸೋಪು ಕರಗಿಸಿ ಸೇರಿಸಿ, 100 ಲೀಟರ್ ಮಾಡಿಕೊಳ್ಳಿ. ರಸ ಹಾಲಿನಂತೆ ಬೆಳ್ಳಗಿರಬೇಕು. ಕಂದಾಗಿದ್ದರೆ ಬೀಜ ಹಳತು ಅಥವಾ ಬೂಷ್ಟು ಹಿಡಿದದ್ದು.

ಬೇವು ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಬಿಸಿಲಿನಲ್ಲಿ ಹೊಡೆದಿರುತ್ತಾರೆ. ಅದರ ಸಾರ ಬಿಸಿಲಿಗೆ ಬೇಗ ಕೆಡುತ್ತದೆ, ಸಂಜೆಯೇ ಸರಿ, ಅದೂ ಎಲೆಯಡಿಗೆ ತಾಗುವಂತೆ. ಕೊಳವೆಬಾವಿಯ ಸವಳು ನೀರಿನಲ್ಲೂ ಬೇಗ ಕೆಡುತ್ತದೆ. ಮಳೆನೀರು ಸಿಕ್ಕರೆ ಒಳ್ಳೆಯದು. ಕಷಾಯವನ್ನು ಮಾಡಿದ ದಿನವೇ ಮುಗಿಸಿ. ಬೀಜವನ್ನು ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ಬೂಷ್ಟು ಬರುತ್ತದೆ. ಎಂಟು ತಿಂಗಳು ದಾಟಿದ್ದರಲ್ಲಿ ಕಸುವು ಕಡಿಮೆ.

ನಡುವೆ ಸೈಪರ್‌ಮೆಥ್ರಿನ್‌ನಂಥ ರಾಸಾಯನಿಕ ಕೀಟನಾಶಕ ಹೊಡೆದರೆ ಕೊರಕದ ಮೊಟ್ಟೆಯಲ್ಲಿ ಬೆಳೆಯುವ ಪರೋಪಜೀವಿ ಕಣಜಗಳೂ ಸಾಯುತ್ತವೆ, ನುಸಿ ಹೆಚ್ಚುತ್ತದೆ.

ಅಡುಗೆಮನೆಗೆ ಒಂದು ಮಾತು: ಹರಿಯುವ ನೀರಲ್ಲಿ ಉಜ್ಜಿ ತೊಳೆದರೆ ಮೇಲ್ಮೈಯ ವಿಷ ಸ್ವಲ್ಪ ಹೋಗುತ್ತದೆ. ಗಿಡದೊಳಗೆ ಹರಿದ ಅಂತರ್ವ್ಯಾಪಿ ಔಷಧಿ ಉಪ್ಪುನೀರಿಗೂ ಹುಣಸೆನೀರಿಗೂ ಜಗ್ಗುವುದಿಲ್ಲ.

ಬೆಳೆ ಮುಗಿದ ಮೇಲೆ ಹಳೇ ಗಿಡ ಕಿತ್ತು ಬದುವಿನಲ್ಲಿ ಒಟ್ಟಬೇಡಿ. ಕೋಶಗಳು ಆ ಕಡ್ಡಿ, ತರಗಿನಲ್ಲೇ ಇರುತ್ತವೆ. ಹೊಸ ಸಸಿಮಡಿ ಹಾಕುವ ಮುಂಚೆಯೇ ಸುಟ್ಟುಬಿಡಿ, ಮಡಿಗೆ ಸೊಳ್ಳೆಪರದೆಯಂಥ ಬಲೆ ಹೊದಿಸಿ.